‘ಇದ್ದು ಹೋಗೋರು’ ಅನ್ನಿಸಿಕೊಂಡವರ ಕಡೆಯಿಂದ ಥ್ಯಾಂಕ್ಸ್

ಕೊನೆಗೂ ನಗರಸಭೆಯ ಆದೇಶ ಕೈಗೆ ಬಂತು. ಕಾಲೇಜಿನ ಹಿಂದಿನ ಗೇಟಿನಿಂದ ಬಸ್ ನಿಲ್ದಾಣದವರೆಗೆ ಬೀದಿದೀಪ, ದೊಡ್ಡ ರಸ್ತೆಗೆ ಜೀಬ್ರಾ ಕ್ರಾಸಿಂಗ್. ಬಸ್ಸಿನವರ ಕಡೆಯಿಂದ, ಸಂಜೆ ಲ್ಯಾಬ್ ಮುಗಿಸಿ ಬರುವವರಿಗೆ ಸಿಗುವ ಹಾಗೆ ಬಸ್ಸಿನ ಹೊಸ ಸಮಯ. ರಸ್ತೆಗೆ ಬಿಳಿ ಪಟ್ಟೆ ಬಿದ್ದಾಗಿದೆ. ದೀಪದ ಕಂಬ ನೆಟ್ಟಿದ್ದಾರೆ, ಕರೆಂಟು ಇನ್ನೂ ಬಂದಿಲ್ಲ. ಅದು ಬರಲಿ ಅಂತ ಕಾಯುವಂತಿಲ್ಲ, ನಮ್ಮ ವಿದ್ಯಾರ್ಥಿ ಸಂಘದ ಅವಧಿ ಈ ವಾರಕ್ಕೆ ಮುಗಿಯುತ್ತದೆ. ಅಧ್ಯಕ್ಷನಾಗಿ ಹೇಳಬೇಕಾದ ಥ್ಯಾಂಕ್ಸನ್ನು ಈಗಲೇ ಹೇಳಿಬಿಡುತ್ತೇನೆ.

ಮೊದಲನೆಯದು ನಗರಸಭೆಯ ಟಪಾಲು ವಿಭಾಗದ ಮೇಡಂಗೆ. ನಮ್ಮ ಮನವಿ ಪತ್ರವನ್ನು ಸುಮ್ನೆ ಸೀಲ್ ಹೊಡೆದು ಒಳಗೆ ಕಳಿಸಿದ್ದರೆ ಅವರ ಕೆಲಸ ಮುಗಿಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. ಪೆನ್ಸಿಲ್ ತಗೊಂಡು ಪಕ್ಕದಲ್ಲಿ ಒಂದು, ಎರಡು, ಮೂರು ಅಂತ ಗುರುತು ಹಾಕಿದರು. “ಇದ್ರಲ್ಲಿ ಮೂರು ಕೆಲಸ ಇದೆ ಕಣಪ್ಪಾ. ಮೂರೂ ಬೇರೆ ಬೇರೆ ಟೇಬಲ್ಲು. ಬಸ್ಸಂತೂ ನಮ್ಮ ಆಫೀಸಿಗೇ ಸೇರಲ್ಲ. ಒಂದೇ ಕಾಗದ ಕೊಟ್ರೆ ಎಲ್ರೂ ಇನ್ನೊಬ್ರ ಕಡೆ ಕೈ ತೋರಿಸ್ತಾರೆ” ಅಂದರು. ಮೂರು ಮನವಿ ಬರೆದುಕೊಂಡು ಹೋದೆವು. ಜೆರಾಕ್ಸ್ ಪ್ರತಿಯ ಮೇಲೆ ನಂಬರು, ತಾರೀಕು ಹಾಕಿಕೊಟ್ಟರು. ಆಮೇಲೆ ಎಲ್ಲಿ ಹೋದರೂ ಜನ ಕೇಳಿದ್ದು ಆ ನಂಬರನ್ನೇ, ನಮ್ಮ ಭಾಷಣವನ್ನಲ್ಲ.

ಮೊದಲ ವರ್ಷದ ಹುಡುಗ ಹುಡುಗಿಯರಿಗೆ ಜಾಸ್ತಿ ಋಣಿ. ಪರೀಕ್ಷಾ ಪ್ಯಾಡ್ ಹಿಡಿದು ರಸ್ತೆ ಬದಿಯಲ್ಲಿ ನಿಂತು, ದಾಟುವವರನ್ನು ಎಣಿಸಿದವರು ಅವರು. ನಾಲ್ಕು ಗೀಟು, ಐದನೆಯದು ಅಡ್ಡ. ನಾವು ಕೊಟ್ಟ ಹಾಳೆಯಲ್ಲಿ ಇದ್ದದ್ದು ‘ವಿದ್ಯಾರ್ಥಿಗಳು’ ಅನ್ನೋ ಒಂದೇ ಕಾಲಂ. ಒಬ್ಬಳು ತಾನಾಗೇ ಸ್ಕೇಲ್ ಇಟ್ಟು ಇನ್ನೆರಡು ಕಾಲಂ ಎಳೆದಳು: ಶಾಲೆ ಮಕ್ಕಳು, ವಯಸ್ಸಾದವರು. ಸಂಜೆ ಹೊತ್ತಿನ ಹಾಳೆ ನೋಡಿದರೆ ಆ ಎರಡು ಕಾಲಂ ಸೇರಿ ನಮ್ಮದಕ್ಕಿಂತ ಉದ್ದ ಇತ್ತು! ‘ವಿದ್ಯಾರ್ಥಿಗಳ ಅನುಕೂಲಕ್ಕಾಗಿ’ ಅಂತ ಇದ್ದ ಸಾಲು ಅವತ್ತೇ ‘ಈ ರಸ್ತೆಯಲ್ಲಿ ನಡೆಯುವವರಿಗಾಗಿ’ ಅಂತ ಆಯಿತು. ಇಡೀ ಕೆಲಸ ತಿರುಗಿದ್ದು ಅಲ್ಲಿಂದ ಅಂತ ನನ್ನ ಲೆಕ್ಕ.

ವಾರ್ಡ್ ಸಭೆಯಲ್ಲಿ ನಮಗೆ ಸಿಕ್ಕ ಸ್ವಾಗತ ನೆನಪಿದೆಯಲ್ವಾ? “ನೀವು ಮೂರು ವರ್ಷ ಇದ್ದು ಹೋಗೋರು. ನಿಮಗ್ಯಾಕೆ ಊರಿನ ಉಸಾಬರಿ?” ನಮ್ಮ ಬಾಯಿಂದ ಮಾತು ಹೊರಡಲಿಲ್ಲ. ಇತಿಹಾಸದ ಮೇಷ್ಟ್ರಿಗೆ ಥ್ಯಾಂಕ್ಸ್ ಇದಕ್ಕೇ. ಮಾರನೇ ದಿನ ಸ್ಟಾಫ್ ರೂಮಿಗೆ ಕರೆದು ಬೊಲೋನ್ಯಾದ ಕಥೆ ಹೇಳಿದರು. 12ನೇ ಶತಮಾನದಲ್ಲಿ ಇಟಲಿಯ ಆ ಊರಿಗೆ ಓದಲು ಬಂದ ಹೊರಗಿನವರಿಗೆ ಊರಿನವರಿಗಿದ್ದ ಹಕ್ಕು ಇರಲಿಲ್ಲ. ಅದಕ್ಕೇ ಅವರು ಗುಂಪು ಕಟ್ಟಿಕೊಂಡರು, ತಮ್ಮಲ್ಲೇ ಒಬ್ಬನನ್ನು ಮುಖ್ಯಸ್ಥನಾಗಿ ಆರಿಸಿಕೊಂಡರು, ಮನೆ ಬಾಡಿಗೆ ಬಗ್ಗೆ ಊರಿನವರ ಜೊತೆ ಚೌಕಾಸಿಗೆ ಕೂತರು. ಒಪ್ಪದಿದ್ದರೆ ಊರು ಬಿಡುತ್ತೇವೆ ಅನ್ನೋದೇ ಅವರ ಅಸ್ತ್ರ. ಬರೀ ಬೆದರಿಕೆ ಅಲ್ಲ. 1222ರಲ್ಲಿ ಒಂದು ಗುಂಪು ನಿಜಕ್ಕೂ ಎದ್ದುಹೋಗಿ, ಪಡುವಾದಲ್ಲಿ ಇನ್ನೊಂದು ವಿಶ್ವವಿದ್ಯಾಲಯವೇ ಹುಟ್ಟಿಕೊಂಡಿತು. ಅಂದರೆ ವಿದ್ಯಾರ್ಥಿ ಸಂಘ ಶುರುವಾಗಿದ್ದೇ ಊರಿನ ಉಸಾಬರಿಗೆ. ಕಾಲೇಜ್ ಡೇ, ಆರ್ಕೆಸ್ಟ್ರಾ ಎಲ್ಲ ಆಮೇಲೆ ಸೇರಿಕೊಂಡಿದ್ದು.

ಮೇಷ್ಟ್ರು ಇನ್ನೊಂದು ವಿಷಯವನ್ನೂ ಹೇಳಿದ್ದರು. ಅಮೆರಿಕದಲ್ಲಿ 1971ರಲ್ಲಿ 18 ತುಂಬಿದವರಿಗೆ ಮತದ ಹಕ್ಕು ಬಂತು. ಆದರೂ ಟೆಕ್ಸಸ್‌ನ ವಾಲರ್ ಕೌಂಟಿಯಲ್ಲಿ, ಪ್ರೇರಿ ವ್ಯೂ ಅನ್ನೋ ಕಪ್ಪು ಜನರ ಕಾಲೇಜಿನ ವಿದ್ಯಾರ್ಥಿಗಳು ಹೆಸರು ಸೇರಿಸಲು ಹೋದರೆ ಅಲ್ಲಿನ ಅಧಿಕಾರಿ ಒಂದು ಪ್ರಶ್ನಾವಳಿ ಮುಂದಿಡುತ್ತಿದ್ದ. ಇಲ್ಲಿ ನಿನಗೆ ಆಸ್ತಿ ಇದೆಯಾ, ಓದು ಮುಗಿದ ಮೇಲೆ ಏನು ಮಾಡ್ತೀಯಾ, ಹೀಗೆ. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ, 1979ರಲ್ಲಿ ತೀರ್ಪು ವಿದ್ಯಾರ್ಥಿಗಳ ಪರವಾಗಿ ನಿಂತಿತು. ಮುಂದಿನ ವಾರ್ಡ್ ಸಭೆಯಲ್ಲಿ ನಮ್ಮ ಕಾರ್ಯದರ್ಶಿ ಇದನ್ನೆಲ್ಲ ಹೇಳಲು ಹೋಗಲಿಲ್ಲ, ಅದು ಅವಳ ಜಾಣತನ. “ಮೂರು ವರ್ಷ ಇದ್ದು ಹೋಗೋರು ನಾವು. ಹಾಸ್ಟೆಲ್ ಖಾಲಿ ಇರಲ್ಲ ಸರ್” ಅಂದಳು, ಅಷ್ಟೇ. ಸಭೆಯಲ್ಲಿ ಒಂದಿಬ್ಬರು ನಕ್ಕರು. ಮಾತು ಮುಂದಕ್ಕೆ ಹೋಯಿತು.

ನಮ್ಮನ್ನು ವಿರೋಧಿಸಿದವರಿಗೂ ಥ್ಯಾಂಕ್ಸ್, ನಾಟಕೀಯವಾಗಿ ಅಲ್ಲ, ನಿಜವಾಗಿ. ಬಸ್ ನಿಲ್ಲುವ ಜಾಗ ತಮ್ಮ ಮನೆಗಳ ಎದುರಿಗೆ ಬೇಡ ಅಂತ ಆ ಸಾಲಿನವರು ಹಟ ಹಿಡಿದಿದ್ದರು. ರಾತ್ರಿ ಬೈಕ್ ಆನ್ ಮಾಡಿಟ್ಟು ಹರಟುವುದು, ಕೂಗಾಡುವುದು, ಗೇಟಿನ ಮುಂದೆ ಲೋಟ ಬಿಸಾಡುವುದು, ಅವರು ಹೇಳಿದ ಒಂದೊಂದೂ ನಡೆಯುತ್ತಿದ್ದದ್ದೇ. ಕೊನೆಗೆ ನಿಲ್ಲುವ ಜಾಗ ಕಾಲೇಜು ಕಾಂಪೌಂಡಿನ ಪಕ್ಕಕ್ಕೆ ಸರಿಯಿತು. ನಡೆಯೋದು ಸ್ವಲ್ಪ ಜಾಸ್ತಿ ಆಯಿತು ಅಂತ ಈಗ ನಮ್ಮವರೇ ಗೊಣಗುತ್ತಿದ್ದಾರೆ, ಗೊಣಗಲಿ. ದೀಪದ ಮನವಿಗೆ ಮೊದಲ ಸಹಿ ಹಾಕಿದವರು ಆ ಸಾಲಿನ ಒಬ್ಬ ಅಜ್ಜಿ.

ಕತ್ತಲಾದ ಮೇಲೆ ಬಂದು ರಸ್ತೆ ನೋಡಿದ ಎಂಜಿನಿಯರ್ ಸಾಹೇಬರನ್ನು ಮರೆಯುವ ಹಾಗಿಲ್ಲ. ಹಗಲು ಹೊತ್ತು ಆ ರಸ್ತೆಗೆ ಏನೂ ಕೊರತೆ ಕಾಣುವುದಿಲ್ಲ. “ಎಲ್ರೂ ಮೊಬೈಲ್ ಟಾರ್ಚ್ ಆರಿಸಿ” ಅಂದರು. ಆರಿಸಿದೆವು. ನಾಲ್ಕು ಹೆಜ್ಜೆ ಇಟ್ಟು, ಚರಂಡಿ ಎಲ್ಲಿ ಅಂತ ಗೊತ್ತಾಗದೆ ತಾವೇ ನಿಂತುಬಿಟ್ಟರು.

ಬಂದ್ ಮಾಡೋಣ ಅಂದ ಗೆಳೆಯರೇ, ನಿಮಗೂ. ನಿಮ್ಮದು ತಪ್ಪು ಅಂತ ನಾನು ಈಗಲೂ ಹೇಳುವುದಿಲ್ಲ. ಮನವಿಗೆ ಉತ್ತರವೇ ಬರದಿದ್ದರೆ ನಾನೂ ನಿಮ್ಮ ಜೊತೆ ಗೇಟಿನಲ್ಲಿ ಕೂರುತ್ತಿದ್ದೆ. ಕಾದಿರಿ, ಅದು ಸಣ್ಣ ವಿಷಯವಲ್ಲ. ಜೆರಾಕ್ಸ್ ಲೆಕ್ಕ ಇಟ್ಟ ಖಜಾಂಚಿಗೆ, ರಜೆ ಕೊಟ್ಟ ಪ್ರಿನ್ಸಿಪಾಲರಿಗೆ, ಅಕ್ಷರ ತಿದ್ದಿದ ಕನ್ನಡ ಮೇಡಂಗೆ ವಂದನೆ.

ಹೊಸ ಸಮಿತಿಯವರಿಗೆ ಒಂದು ಮಾತು. ಚರಂಡಿಯ ಮುರಿದ ಚಪ್ಪಡಿ ಈ ಆದೇಶದಲ್ಲಿ ಸೇರಿಲ್ಲ, ಅದಕ್ಕೆ ಬೇರೆ ಮನವಿ ಬೇಕು. ಹಳೆಯ ಪ್ರತಿಗಳು, ಎಣಿಕೆಯ ಹಾಳೆಗಳು ಎಲ್ಲ ಸಂಘದ ಕೋಣೆಯ ಬೀರುವಿನಲ್ಲಿವೆ. ಬೀಗದ ಕೈ ಖಜಾಂಚಿ ಹತ್ತಿರ ಇದೆ, ಅವನು ರಜೆಗೆ ಊರಿಗೆ ಹೊರಡುವ ಮೊದಲೇ ಇಸಿದುಕೊಳ್ಳಿ.