ಚುಕ್ಕಿ ಇಟ್ಟುಕೊಟ್ಟ ಅಜ್ಜಿಗೆ

ಸಂಕ್ರಾಂತಿಯ ಹಿಂದಿನ ದಿನ ನಮ್ಮ ಶಾಲೆಯ ಗೇಟಿನ ಬಳಿ ಬಸ್ಸಿಗೆ ಕಾಯುತ್ತಿದ್ದ ಅಜ್ಜಿ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಕ್ಷಮಿಸಿ.

ನಲಿ-ಕಲಿ ತರಗತಿಯ ಪುಟ್ಟ ಮಕ್ಕಳ ಜೊತೆ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದೆ. ಚುಕ್ಕಿ ಲೆಕ್ಕ ತಪ್ಪುತ್ತಲೇ ಇತ್ತು. ನೀವು ಚೀಲ ಕೆಳಗಿಟ್ಟು ಬಂದು, "ಕೊಡವ್ವ ಇಲ್ಲಿ" ಅಂದಿರಿ. ಏಳರಿಂದ ಒಂದರ ನೇರ ಚುಕ್ಕಿ. ನಡುವೆ 7. ಮೇಲಕ್ಕೂ ಕೆಳಕ್ಕೂ 5, 3, 1. ಆದರೆ ನೀವು ಸುಮ್ನೆ ಇಡಲಿಲ್ಲ. ಪ್ರತಿ ಸಾಲಿಗೂ "ಈಗ ಎಷ್ಟು ಇಡಬೇಕು ಮಗಾ?" ಎಂದು ಕೇಳಿದಿರಿ. ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿ "ಎರಡು ಕಮ್ಮಿ ಅಜ್ಜಿ" ಅಂದಳು! ಕಳೆಯುವ ಲೆಕ್ಕಕ್ಕೆ ನಾನು ಎಷ್ಟು ದಿನ ಕಡ್ಡಿ, ಕಲ್ಲು ಇಟ್ಟು ಹೆಣಗಿದ್ದೆ ಗೊತ್ತಾ? ಕೊನೆಗೆ ಎಲ್ಲರೂ ಬೆರಳಿಟ್ಟು ಎಣಿಸಿದರು. ಒಟ್ಟು 25.

ಅಷ್ಟರಲ್ಲಿ ಬಸ್ ಬಂತು. ಮಕ್ಕಳ ಕೈಗೆ ಎಳ್ಳು-ಬೆಲ್ಲ ಹಾಕಿ ಓಡಿದಿರಿ.

ಹಬ್ಬ ಮುಗಿಸಿ ಬಂದ ಮೇಲೆ ಸಂದು ಚುಕ್ಕಿ ಹಾಕಿದೆವು, ಅಂದರೆ ಒಂದು ಸಾಲಿನ ಎರಡು ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ. ನಡುವೆ 7, ಮೇಲಕ್ಕೂ ಕೆಳಕ್ಕೂ ನಾಲ್ಕರವರೆಗೆ. ಈ ಸಲ ಸಾಲಿಗೆ ಒಂದೇ ಕಮ್ಮಿ ಎಂದು ಅದೇ ಹುಡುಗಿ ಮೊದಲು ಹೇಳಿದಳು. 37 ಚುಕ್ಕಿಯನ್ನೂ ಅವಳೇ ಎಣಿಸಿದಳು. ತುಂಬಾ ಧನ್ಯವಾದ ಅಜ್ಜಿ. ಈ ದಾರಿಯಲ್ಲಿ ಮತ್ತೆ ಬಂದರೆ ದಯವಿಟ್ಟು ಒಳಗೆ ಬನ್ನಿ, ಮಕ್ಕಳು ಕೇಳುತ್ತಿದ್ದಾರೆ.