ಮಹಿಳಾ ದಿನಕ್ಕೆ ಶಾಲು ಬೇಡ, ಎರಡು ಬಕೆಟ್ ಬಿಸಿನೀರು ಕೊಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ಪತ್ರದಲ್ಲಿ ಒಬ್ರು ಬರೆದಿದ್ರು, ಬಡ ಹೆಂಗಸರಿಗೆ ಫ್ರೀಯಾಗಿ ಐಬ್ರೋ, ಮೆಹಂದಿ, ಕಾಲು ಮಸಾಜ್ ಅಂತೆಲ್ಲ ಸಂಜೆ ಕಾರ್ಯಕ್ರಮ ಮಾಡೋದು ದುಡ್ಡು ದಂಡ, ಅದರ ಬದ್ಲು ರೇಷನ್ ಕಿಟ್ ಕೊಡ್ಲಿ ಇಲ್ಲ ಹೆಲ್ತ್ ಕ್ಯಾಂಪ್ ಮಾಡ್ಲಿ ಅಂತ. ಅವರು ಕೆಟ್ಟ ಮನಸ್ಸಿಂದ ಬರೆದಿಲ್ಲ, ಅದು ಗೊತ್ತಾಗುತ್ತೆ. ಆದ್ರೆ ಅಂಥ ಸಂಜೆ ಮಾಡಿದವಳು ನಾನು, ಅವತ್ತು ನನ್ನ ಕಣ್ಣಾರೆ ಕಂಡಿದ್ದನ್ನ ಹೇಳ್ಬೇಕು ಅಂತ ಈ ಪತ್ರ.

ದಾವಣಗೆರೆಯಲ್ಲಿ 14 ವರ್ಷದಿಂದ ಸಣ್ಣದೊಂದು ಪಾರ್ಲರ್ ನಡೆಸ್ತಾ ಇದೀನಿ. ಚಿತ್ರದುರ್ಗದ ರುಡ್‌ಸೆಟ್ ಅನ್ನೋ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಊಟ ವಸತಿ ಎಲ್ಲ ಫ್ರೀ ಕೊಟ್ಟು ಕೆಲಸ ಕಲಿಸಿದ್ರು, ಅದನ್ನ ನೆಚ್ಕೊಂಡೇ ಎರಡು ಮಕ್ಕಳನ್ನ ಓದಿಸ್ತಾ ಇದೀನಿ. ನಮ್ಮ ಸ್ತ್ರೀಶಕ್ತಿ ಸಂಘದವರು ಹೋದ ವರ್ಷ ಮಹಿಳಾ ದಿನಕ್ಕೆ ಏನ್ ಮಾಡೋಣ ಅಂತ ಕೂತು ಮಾತಾಡ್ವಾಗ ಒಬ್ಬಾಕಿ ಅಂದ್ಲು, ಪ್ರತಿ ವರ್ಷ ಸ್ಟೇಜ್ ಹಾಕ್ತೀವಿ, ನಾಲ್ಕು ಜನರಿಗೆ ಶಾಲು ಹಾರ, ಉಳಿದೋರು ಪ್ಲಾಸ್ಟಿಕ್ ಕುರ್ಚಿ ಮೇಲೆ ಎರಡು ತಾಸು ಭಾಷಣ ಕೇಳಿ ಮನೆಗೆ ಹೋಗಿ ರೊಟ್ಟಿ ಬಡೀತಾರೆ, ಈ ಸಲ ಬಂದೋರನ್ನ ಕೂರಿಸಿ ನಾವೇ ಅವರ ಸೇವೆ ಮಾಡಿದ್ರೆ ಹೆಂಗೆ ಅಂತ. ಅಷ್ಟೇ ಶುರುವಾಗಿದ್ದು. ನಾನು, ನನ್ನ ಹತ್ರ ಕೆಲಸ ಕಲೀತಿರೋ ಇಬ್ಬರು ಹುಡುಗೀರು, ಪಕ್ಕದ ಓಣಿಯ ಇನ್ನೊಂದು ಪಾರ್ಲರಿನ ಅಕ್ಕ, ಮೆಹಂದಿ ಹಾಕೋ ಕಾಲೇಜು ಹುಡುಗಿ ಒಬ್ಳು, ಒಟ್ಟು ಐದು ಜನ. ಸಂಜೆ 4ರಿಂದ 8. ಸಮುದಾಯ ಭವನದ ಬಾಡಿಗೆ ಬಿಟ್ಟು ಖರ್ಚು ಆಗಿದ್ದು ಐದು ಸಾವಿರದ ಒಳಗೆ, ಅದ್ರಲ್ಲೂ ಜಾಸ್ತಿ ಹೋಗಿದ್ದು ಕೊಬ್ಬರಿ ಎಣ್ಣೆಗೆ ಮತ್ತೆ ಮಂಡಕ್ಕಿ ಮಿರ್ಚಿಗೆ.

ಬಂದೋರು ಎಪ್ಪತ್ತರ ಹತ್ರ. ಪೌರಕಾರ್ಮಿಕರು, ಮನೆಗೆಲಸದವರು, ಮಂಡಕ್ಕಿ ಭಟ್ಟಿಯಲ್ಲಿ ದುಡಿಯೋರು, ಮನೇಲಿ ಬೀಡಿ ಕಟ್ಟೋರು, ಇಬ್ಬರು ಆಶಾ ಕಾರ್ಯಕರ್ತೆಯರು. ಫ್ರೀ ಬಸ್ ಇದೆ ಅಂತ ಹರಿಹರ ಕಡೆಯಿಂದಾನೂ ಕೆಲವರು ಬಂದಿದ್ರು, 2023ರ ಜೂನ್‌ಗೆ ಮುಂಚೆ ಆಗಿದ್ರೆ ಇದಕ್ಕೋಸ್ಕರ ಅಂತ ಅವರು ಟಿಕೆಟ್ ದುಡ್ಡು ಕೊಟ್ಟು ಬರ್ತಿರ್ಲಿಲ್ಲ, ನನಗೆ ಗೊತ್ತು. ಒಬ್ಬರಿಗೆ ಹತ್ತು ನಿಮಿಷ, ಆಮೇಲೆ ಸಾಮಾನು ಕ್ಲೀನ್ ಮಾಡೋಕೆ ಐದು ನಿಮಿಷ, ಹೀಗೆ ಟೋಕನ್ ಕೊಟ್ವಿ. ಐಬ್ರೋ, ಕೈ ಮಸಾಜ್, ಕಾಲಿಗೆ ಬಿಸಿನೀರು, ತಲೆಗೆ ಎಣ್ಣೆ, ಮೆಹಂದಿ, ಯಾವುದಾದ್ರೂ ಒಂದು.

ಐಬ್ರೋಗೇ ಕ್ಯೂ ಜಾಸ್ತಿ ಆಗುತ್ತೆ ಅನ್ಕೊಂಡಿದ್ದೆ, ಯಾಕಂದ್ರೆ ಪಾರ್ಲರ್‌ನಲ್ಲಿ ಅದೇ ನಡೆಯೋದು. ಅಲ್ಲಿ ನೋಡಿದ್ರೆ ಕೈ ಮಸಾಜಿಗೆ ಸಾಲು. ಬೀಡಿ ಕಟ್ಟೋ ಹೆಂಗಸರ ಕೈ ನೀವು ಹತ್ತಿರದಿಂದ ನೋಡಿದೀರಾ ಸರ್? ಎಲೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ಬಾಯಿ ಮಡಚಿ, ದಾರ ಬಿಗಿದು, ಒಂದು ಸಾವಿರ ಆಗೋವರೆಗೆ ಅದೇ ಹೆಬ್ಬೆಟ್ಟು ಅದೇ ತೋರುಬೆರಳು. ತುದಿ ಚರ್ಮ ಗಟ್ಟಿಯಾಗಿ ಹಳದಿ ಬಣ್ಣಕ್ಕೆ ತಿರುಗಿರುತ್ತೆ, ತೊಳೆದ್ರೂ ಹೋಗಲ್ಲ. ಅಂಥ ಒಬ್ಬರ ಕೈಯನ್ನ ಉಗುರುಬೆಚ್ಚಗಿನ ನೀರಲ್ಲಿ ಇಡಿಸಿ, ಕೊಬ್ಬರಿ ಎಣ್ಣೆಗೆ ಸಕ್ಕರೆ ಕಲಸಿ ಮೆಲ್ಲಗೆ ಉಜ್ಜಿ (ನಿಂಬೆಹಣ್ಣು ಹಾಕ್ಬೇಡಿ, ಬಿರುಕು ಬಿಟ್ಟ ಕೈಗೆ ಭಾರಿ ಉರಿಯುತ್ತೆ), ಹೆಬ್ಬೆಟ್ಟಿನ ಬುಡದ ದಪ್ಪ ಮಾಂಸದ ಜಾಗ ಇದೆಯಲ್ಲ ಅಲ್ಲಿ ಒತ್ತುತ್ತಾ ಬಂದೆ. ಅವರು ಮೊದಲು ಸುಮ್ನೆ ಇದ್ರು, ಆಮೇಲೆ ಕಣ್ಮುಚ್ಚಿ ಹಿಂದಕ್ಕೆ ಒರಗಿದ್ರು. ಬಿಡಬೇಡಮ್ಮ ಇನ್ನೊಂಚೂರು ಅಲ್ಲೇ ಒತ್ತು, ರಾತ್ರಿ ಈ ಜಾಗ ನೋಯುತ್ತೆ ಅಂತ ನಾನು ಯಾರಿಗೂ ಹೇಳೇ ಇಲ್ಲ ಅಂದ್ರು. ಹೆಲ್ತ್ ಕ್ಯಾಂಪ್ ಬೇಕು ಸರ್, ಖಂಡಿತ ಬೇಕು, ಆದ್ರೆ ಕ್ಯಾಂಪಿನ ಕ್ಯೂನಲ್ಲಿ ಆ ಮಾತು ಅವರ ಬಾಯಿಂದ ಬರ್ತಿರ್ಲಿಲ್ಲ. ಅವತ್ತು ಅಲ್ಲೇ ಇದ್ದ ಆಶಾ ಅಕ್ಕ ಅದನ್ನ ಕೇಳಿಸ್ಕೊಂಡು ಮಾರನೇ ವಾರ ಅವರನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರು.

ಇನ್ನೊಬ್ಬರ ಬಗ್ಗೆ ಹೇಳ್ಲೇಬೇಕು. ಐವತ್ತರ ಮೇಲಿನ ಪೌರಕಾರ್ಮಿಕರು, ಬೆಳಗ್ಗೆ 6ಕ್ಕೆಲ್ಲ ರಸ್ತೆಯಲ್ಲಿ ಇರೋರು. ಟೋಕನ್ ತಗೊಂಡ್ರು, ಅವರ ನಂಬರ್ ಬಂದಾಗ ಏಳ್ಲಿಲ್ಲ. ಹತ್ರ ಹೋಗಿ ಕರೆದೆ. ಕಾಲನ್ನ ಕುರ್ಚಿ ಕೆಳಗೆ ಎಳ್ಕೊಂಡು, ಬ್ಯಾಡ ಕಣವ್ವ, ನನ್ ಕಾಲು ನೀನು ಮುಟ್ಟಬಾರ್ದು ಅಂದ್ರು. ಕಾಲು ಗಲೀಜಾಗಿದೆ ಅಂತ ನಾಚ್ಕೊಂಡ್ರು ಅನ್ಕೊಂಡೆ, ತೊಳೀತೀನಿ ಬನ್ನಿ ಅಮ್ಮ ಅಂದೆ. ಅದಲ್ಲ ಕಣವ್ವ, ನಾವು ಯಾರು ಅಂತ ನಿನಗೆ ಗೊತ್ತೈತಾ ಅಂತ ಕೇಳಿದ್ರು.

ಸರ್, ನಮ್ಮಪ್ಪ ಊರಲ್ಲಿ ಕಟಿಂಗ್ ಶಾಪ್ ಇಟ್ಟಿದ್ರು. ನಮ್ಮ ಜಾತಿ ಹೆಸರನ್ನೇ ಜನ ಬೈಗುಳಕ್ಕೆ ಬಳಸ್ತಾರೆ, ಅದನ್ನ ಕೇಳ್ತಾ ಬೆಳೆದವಳು ನಾನು. ಹಂಗಿದ್ರೂ ನಮ್ಮೂರಲ್ಲಿ ಕೇರಿಯವರಿಗೆ ಕಟಿಂಗ್ ಮಾಡ್ತಿರ್ಲಿಲ್ಲ, ಮಾಡಿದ್ರೆ ಬೇರೆಯವರು ಅಂಗಡಿಗೆ ಬರಲ್ಲ ಅನ್ನೋ ಭಯ, ಅಪ್ಪಾನೂ ಆ ಭಯದಲ್ಲೇ ಬದುಕಿದ್ರು. ಇವತ್ತಿಗೂ ಇಂಥ ಊರಲ್ಲಿ ದಲಿತರಿಗೆ ಕ್ಷೌರ ನಿರಾಕರಣೆ ಅಂತ ನಿಮ್ಮ ಪತ್ರಿಕೆಯಲ್ಲೇ ಆಗಾಗ ಸುದ್ದಿ ಬರುತ್ತೆ. ಆ ಅಮ್ಮ ಕೇಳಿದ ತಕ್ಷಣ ಇದೆಲ್ಲ ಒಟ್ಟಿಗೆ ನೆನಪಾಯ್ತು. ನಾನು ಏನೂ ಹೇಳ್ಲಿಲ್ಲ, ಬೇಸಿನ್ ಅವರ ಹತ್ರಕ್ಕೇ ತಂದು ಕೆಳಗೆ ಕೂತೆ, ಕೈ ಚಾಚಿದೆ. ಸುಮಾರು ಹೊತ್ತಾದ್ಮೇಲೆ ಅವರೇ ಒಂದು ಕಾಲು ಮುಂದಿಟ್ರು. ಹಿಮ್ಮಡಿ ಆಳವಾಗಿ ಸೀಳಿ ಅದರೊಳಗೆ ಕಪ್ಪು ಮಣ್ಣು ಕೂತಿತ್ತು, ಕಾಲುಂಗುರ ಇದ್ದ ಬೆರಳಲ್ಲಿ ಗುಣಿ ಬಿದ್ದಿತ್ತು. ಹತ್ತು ನಿಮಿಷ ಅಂತ ರೂಲ್ಸ್ ಮಾಡಿದ್ದು ನಾನೇ, ಅವರಿಗೆ ಇಪ್ಪತ್ತೈದು ನಿಮಿಷ ಹಿಡೀತು, ಕ್ಯೂನಲ್ಲಿದ್ದ ಒಬ್ಬರೂ ತಕರಾರು ಮಾಡ್ಲಿಲ್ಲ. ಒರೆಸಿ ಎಣ್ಣೆ ಹಚ್ಚಿದ್ಮೇಲೆ ಅವರು ಚಪ್ಪಲಿ ಹಾಕ್ಕೊಳ್ದೆ ಕೈಯಲ್ಲೇ ಹಿಡ್ಕೊಂಡು, ಕಾಲನ್ನೇ ನೋಡ್ತಾ ಅರ್ಧ ಗಂಟೆ ಕೂತಿದ್ರು. ಮಿರ್ಚಿ ತಿನ್ನೋಕೂ ಏಳ್ಲಿಲ್ಲ, ಯಾರೋ ಅಲ್ಲಿಗೇ ತಂದ್ಕೊಟ್ರು.

ಇದನ್ನ ದುಂದು ಅಂದ್ರೆ ನಾನು ಒಪ್ಪಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಬಂದ್ರೆ ಮಗಳ ಫೀಸು, ಗಂಡನ ಸಾಲ, ಗ್ಯಾಸು ಅಂತ ಹೋಗುತ್ತೆ, ಅದ್ರಲ್ಲಿ ತನಗೆ ಅಂತ 50 ರೂಪಾಯಿ ಐಬ್ರೋಗೆ ತೆಗೆದಿಟ್ಟವರು ಅವತ್ತು ಬಂದೋರಲ್ಲಿ ಮೂರೋ ನಾಲ್ಕೋ ಜನ ಇದ್ರೆ ಹೆಚ್ಚು.

ಆದ್ರೆ ಇಂಥ ಸಂಜೆ ಮಾಡೋರು ಹೆಂಗೆಂಗೋ ಮಾಡೋಕೂ ಹೋಗ್ಬಾರ್ದು. ಮೂರು ವರ್ಷದ ಹಿಂದೆ ಒಂದು ಉಚಿತ ಶಿಬಿರದಲ್ಲಿ ಮುಖಕ್ಕೆ ಬ್ಲೀಚ್ ಹಾಕಿಸ್ಕೊಂಡ ಹೆಂಗಸೊಬ್ಬರು ಕೆನ್ನೆಯೆಲ್ಲ ಕೆಂಪಾಗಿ ನನ್ನ ಪಾರ್ಲರಿಗೆ ಓಡಿ ಬಂದಿದ್ರು. ಬ್ಲೀಚಲ್ಲಿ ಇರೋದು ಹೈಡ್ರೋಜನ್ ಪೆರಾಕ್ಸೈಡ್, ಅಮೋನಿಯಾ, ಎಲ್ಲರ ಚರ್ಮಕ್ಕೂ ಅದು ಆಗಲ್ಲ. ಪ್ಯಾಚ್ ಟೆಸ್ಟ್ ಅಂತ ಮೊದಲು ಚರ್ಮದ ಮೇಲೆ ಚೂರೇ ಹಚ್ಚಿ ನೋಡಿ ಒಂದೆರಡು ದಿನ ಕಾಯ್ಬೇಕು, ಹತ್ತು ನಿಮಿಷದ ಟೋಕನ್‌ನಲ್ಲಿ ಅದಕ್ಕೆಲ್ಲ ಟೈಮ್ ಎಲ್ಲಿ? ಅದಕ್ಕೇ ಬ್ಲೀಚ್, ಫೇಶಿಯಲ್, ಹೇರ್ ಡೈ ಈ ಮೂರನ್ನ ನಾವು ಮುಟ್ಟಲೇ ಇಲ್ಲ. ಐದು ನಿಮಿಷಕ್ಕೆ ಕಲರ್ ಬರುತ್ತೆ ಅಂತ ಮಾರ್ತಾರಲ್ಲ ಎಮರ್ಜೆನ್ಸಿ ಮೆಹಂದಿ ಕೋನು, ಅದನ್ನಂತೂ ಭವನದ ಬಾಗಿಲ ಒಳಗೇ ಬಿಡ್ಬೇಡಿ, ಮಕ್ಕಳ ಕೈಯಲ್ಲಿ ಗುಳ್ಳೆ ಎದ್ದಿದ್ದು ನೋಡಿದೀನಿ. ನಿಜವಾದ ಗೋರಂಟಿ ನಿಧಾನ, ಮೊದಲು ಕಿತ್ತಳೆ ಬಣ್ಣ, ಮಾರನೇ ದಿನ ಕೆಂಪಾಗೋದು. ನಾವು ಅಂಗೈಯಲ್ಲಿ ಒಂದು ಚಂದ್ರ, ಬೆರಳ ತುದಿಗೆ ಟೊಪ್ಪಿ, ಹಳೇ ಕಾಲದಂಗೆ ಅಷ್ಟೇ ಹಾಕಿದ್ವಿ, ಒಣಗೋವರೆಗೆ ಕೂತು ಹರಟೆ ಹೊಡೀಲಿ ಅಂತ.

ಐಬ್ರೋಗೆ ಒಬ್ಬರಿಗೆ ಒಂದು ದಾರ, ಮುಗಿದ ತಕ್ಷಣ ಕಸಕ್ಕೆ. ದಾರದ ತುದಿ ಬಾಯಲ್ಲಿ ಕಚ್ಚೋದು ನಮ್ಮ ಕೆಲಸದ ಹಳೇ ರೂಢಿ, ಈಗ ಕುತ್ತಿಗೆಗೆ ಕಟ್ಕೊಂಡು ಮಾಡೋ ವಿಧಾನ ಇದೆ, ನಾನು ಅಂಥ ಕಡೆ ಅದನ್ನೇ ಮಾಡ್ತೀನಿ. ಕಾಲು ನೀರಿಗೆ ಇಡೋ ಮುಂಚೆ ಶುಗರ್ ಇದ್ಯಾ ಅಂತ ಕೇಳಲೇಬೇಕು. ಶುಗರ್ ಇರೋ ಎಷ್ಟೋ ಜನರಿಗೆ ಪಾದದಲ್ಲಿ ಸ್ಪರ್ಶ ಕಮ್ಮಿ ಇರುತ್ತೆ, ನೀರು ಸುಡ್ತಿದ್ರೂ ಗೊತ್ತಾಗಲ್ಲ, ಹಿಮ್ಮಡಿ ಉಜ್ಜೋ ಬ್ಲೇಡು ಕಲ್ಲು ತಾಗಿ ಗಾಯ ಆದ್ರೆ ಬೇಗ ಮಾಯಲ್ಲ. ನೀರನ್ನ ನಾವು ಮೊಣಕೈ ಅದ್ದಿ ನೋಡ್ತಿದ್ವಿ, ಮಗೂಗೆ ನೀರು ಹಾಕ್ವಾಗ ನೋಡ್ತೀವಲ್ಲ ಹಂಗೆ. ಬ್ಲೇಡಂತೂ ಇಡ್ಲೇ ಇಲ್ಲ.

ಅವತ್ತು ನನಗೆ ಬೇಜಾರಾಗಿದ್ದು ಒಂದೇ ವಿಷಯ. ಒಬ್ಬರಲ್ಲ ಇಬ್ಬರಲ್ಲ, ಸುಮಾರು ಹುಡುಗೀರು ಕೇಳಿದ್ದು ಬೆಳ್ಳಗೆ ಆಗೋದಕ್ಕೆ ಏನಾದ್ರೂ ಮಾಡ್ತೀರಾ ಅಂತ. ಹದಿನೇಳರ ಹುಡುಗಿ ಒಬ್ಳು ಮೆಡಿಕಲ್ ಶಾಪಿಂದ ಟ್ಯೂಬು ತಂದು ವರ್ಷದಿಂದ ಹಚ್ತಾ ಇದಾಳೆ, ಮುಖದ ಚರ್ಮ ತೆಳ್ಳಗಾಗಿ ನರ ಕಾಣ್ತಿತ್ತು, ಕೆನ್ನೆ ಮೇಲೆ ಕೂದಲು ಬೇರೆ. ಟ್ಯೂಬು ಓದಿದ್ರೆ ಸ್ಟೀರಾಯ್ಡ್. ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನ ಡಾಕ್ಟರ್ ಚೀಟಿ ಇಲ್ಲದೆ ಮಾರ್ಬಾರ್ದು ಅಂತ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ, ಆದ್ರೂ ಅವಳ ಕೈಗೆ ಸಿಕ್ಕಿದೆ. ಒಂದೇ ಸಲಕ್ಕೆ ನಿಲ್ಲಿಸಿದ್ರೂ ಮುಖ ಉರಿದು ಕೆಂಪಾಗುತ್ತೆ, ಅದಕ್ಕೇ ಚರ್ಮದ ಡಾಕ್ಟರ್ ಹತ್ರ ಹೋಗು ಅಂತ ಅವಳ ಅಮ್ಮನ್ನೂ ಕರೆದು ಹೇಳಿದೆ. 2020ರಲ್ಲಿ ಫೇರ್ ಅಂಡ್ ಲವ್ಲಿ ಹೆಸರು ಗ್ಲೋ ಅಂಡ್ ಲವ್ಲಿ ಆಯ್ತು, ಹುಡುಗೀರ ತಲೇಲಿ ಇನ್ನೂ ಆ ಹಳೇ ಹೆಸರೇ ಕೂತಿದೆ. ಅದಕ್ಕೇ ನಮ್ಮ ಹುಡುಗೀರಿಗೆ ಮೊದಲೇ ಹೇಳಿದ್ದೆ, ಯಾರ ಬಣ್ಣದ ಬಗ್ಗೆಯೂ, ಮೊಡವೆ ಬಗ್ಗೆಯೂ, ಮೇಲ್ತುಟಿ ಕೂದಲ ಬಗ್ಗೆಯೂ ಒಂದು ಮಾತು ನಾವಾಗಿ ಎತ್ತಬಾರ್ದು, ಅವರು ಕೇಳಿದ್ದಷ್ಟನ್ನೇ ಮಾಡ್ಬೇಕು ಅಂತ.

ಈಗ ನನ್ನ ಬೇಡಿಕೆ. ಮಾರ್ಚ್ 8 ಬರ್ತಾ ಇದೆ, ಆಮೇಲೆ ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಪಾಲಿಕೆ, ಪುರಸಭೆ, ಸಂಘ ಸಂಸ್ಥೆಯವರು ಆ ಎರಡು ದಿನಕ್ಕೆ ಶಾಮಿಯಾನ, ಫ್ಲೆಕ್ಸು, ಶಾಲಿಗೆ ಹಾಕೋ ದುಡ್ಡಲ್ಲಿ ಒಂದು ಪಾಲು ಇದಕ್ಕೆ ಕೊಡ್ಲಿ. ಸಮುದಾಯ ಭವನ ಬಾಡಿಗೆ ಇಲ್ಲದೆ ಸಿಗ್ಲಿ, ಬಿಸಿನೀರಿನ ವ್ಯವಸ್ಥೆ ಇರ್ಲಿ, ಹೋದ ವರ್ಷ ನಾವು ಪಕ್ಕದ ಮನೆಯವರ ಹಂಡೆಯಿಂದ ಹೊತ್ತು ತಂದಿದ್ದು. ನನ್ನಂಗೆ ಉಚಿತ ತರಬೇತಿ ತಗೊಂಡು ಕೆಲಸ ಸಿಗದೆ ಮನೇಲಿ ಕೂತಿರೋ ಹುಡುಗೀರು ಪ್ರತಿ ತಾಲ್ಲೂಕಲ್ಲೂ ಇದಾರೆ, ಅವರಿಗೆ ಅವತ್ತಿನ ಕೂಲಿ ಕೊಟ್ಟು ಕರೀರಿ, ಸೇವೆ ಅಂತ ಪುಕ್ಕಟೆ ದುಡಿಸ್ಬೇಡಿ. ಪಕ್ಕದಲ್ಲೇ ಒಂದು ಟೇಬಲ್ ಹಾಕಿ ಬಿಪಿ ಶುಗರ್ ನೋಡೋ ನರ್ಸಮ್ಮನ್ನೂ ಕೂರಿಸಿ, ಆ ಓದುಗರು ಕೇಳಿದ್ದೂ ಆದಂಗಾಗುತ್ತೆ.

ನಮ್ಮ ಸಂಘದ್ದು ಈ ಸಲ ಮಾರ್ಚ್ 8ರ ಸಂಜೆ 4ಕ್ಕೇ ಶುರು. ಹೋದ ವರ್ಷ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಕೂತಿದ್ದ ಆ ಅಮ್ಮ ತಮ್ಮ ಓಣಿಯವರು ಹನ್ನೊಂದು ಜನರ ಹೆಸರು ಬರೆಸಿ ಹೋಗಿದಾರೆ. ಬರೋರು ಒಂದೊಂದು ಟವೆಲ್ ತಂದ್ರೆ ಸಾಕು.

ಇಂತಿ ನಿಮ್ಮ ಓದುಗಿ,
ಒಬ್ಬ ಬ್ಯೂಟಿಷಿಯನ್, ದಾವಣಗೆರೆ