ಡಯಾಲಿಸಿಸ್ ಮಂಚಕ್ಕೆ ಪೆಡಲ್ ಕೊಡಿಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ತಾಲ್ಲೂಕು ಆಸ್ಪತ್ರೆಗಳಿಗೂ ಡಯಾಲಿಸಿಸ್ ಯಂತ್ರ ಬಂತು, ಸಂತೋಷ. ಆದರೆ ವಾರಕ್ಕೆರಡು ಮೂರು ಸಲ, ನಾಲ್ಕು ನಾಲ್ಕು ಗಂಟೆ ಅಲುಗಾಡದೆ ಮಲಗುವವರ ತೊಡೆಯ ಸ್ನಾಯು ಕರಗುತ್ತಿದೆ. ಬಸ್ಸಿನ ಮೆಟ್ಟಿಲು ಹತ್ತಲೂ ಇನ್ನೊಬ್ಬರು ಕೈಹಿಡಿಯಬೇಕು. ಪ್ರತಿ ಘಟಕಕ್ಕೂ ಮಲಗಿದಲ್ಲೇ ಕಾಲಿನಿಂದ ತುಳಿಯುವ ಪೆಡಲ್ ಸಾಧನ, ಒಬ್ಬ ಫಿಸಿಯೋಥೆರಪಿಸ್ಟ್ ಕೊಡಿ ಎಂದು ಕೇಳಿ ಕೇಳಿ ಸಾಕಾಗಿದೆ.

ಒಂದು ಆಸ್ಪತ್ರೆಯಲ್ಲಿ ದಾನಿಗಳು ಕೊಟ್ಟ ಪೆಡಲ್‌ಗಳು ಸ್ಟಾಕ್ ರಿಜಿಸ್ಟರ್‌ನಲ್ಲಿ ಏರಿಲ್ಲವೆಂದು ಉಗ್ರಾಣ ಸೇರಿದವು. ತಪಾಸಣೆಯ ದಿನ ಹೊರಬಂದವು, ಫೋಟೊ ಆಯಿತು, ಸಂಜೆಗೆ ಮತ್ತೆ ಬೀಗ. ಕಾಲೆತ್ತಲಾಗದ ರೋಗಿಗಳು ಅದನ್ನು ನೋಡುತ್ತ ಮಲಗಿದ್ದರು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ರೋಗಿಗೆ ವಿಶ್ರಾಂತಿ ಬೇಕು ಎನ್ನುವ ಸಬೂಬು ಇನ್ನು ಬೇಡ. ಮೂತ್ರಪಿಂಡ ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿ ರೂಪಿಸುವ ಕೆಡಿಐಜಿಒ ಸಂಸ್ಥೆಯ 2024ರ ಮಾರ್ಗಸೂಚಿ ಮೂತ್ರಪಿಂಡ ರೋಗಿಗಳಿಗೆ ವಾರಕ್ಕೆ 150 ನಿಮಿಷದ ಮಧ್ಯಮ ಚಟುವಟಿಕೆ, ಇಲ್ಲವೇ ದೇಹ ತಾಳುವಷ್ಟು ಹೇಳುತ್ತದೆ. 2023ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ, ಡಯಾಲಿಸಿಸ್ ನಡೆಯುವಾಗಲೇ ವರ್ಷವಿಡೀ ವ್ಯಾಯಾಮ ಮಾಡಿದವರು ಒಂದು ನಿಮಿಷದಲ್ಲಿ ಕುರ್ಚಿಯಿಂದ ಎದ್ದು ಕೂರುವ ಸಲಗಳ ಸರಾಸರಿ 16ರಿಂದ 19ಕ್ಕೆ ಏರಿತು, ಮಾಡದವರದು ಇಳಿಯಿತು.

ಪೆಡಲ್ ಮಂಚದ ಕಾಲ್ದೆಸೆಗೆ ಬಿಗಿಯುವಂಥದೇ ಇರಬೇಕು. ನೆಲದ ಮೇಲಿಡುವ ಅಗ್ಗದ್ದು ಹಾಸಿಗೆಯ ಮೇಲೆ ಜಾರುತ್ತದೆ. ಮೊದಲ ಎರಡು ಗಂಟೆಯೊಳಗೆ ಮುಗಿಸಬೇಕು. ಆಮೇಲೆ ಯಂತ್ರ ಮೈಯ ನೀರು ತೆಗೆದಷ್ಟೂ ಬಿಪಿ ಕುಸಿದು ಮೀನಖಂಡ ಸೆಳೆಯುತ್ತದೆ. ಶುರುವಿಗೆ ಐದರಿಂದ ಹತ್ತು ನಿಮಿಷ, ವಾರವಾರ ಏರಿಸುತ್ತ ಮೂವತ್ತಕ್ಕೆ. ಉಸಿರು ಹೆಚ್ಚಿದರೂ ಮಾತಾಡಲು ಆಗಬೇಕು, ಅಷ್ಟೇ ಭಾರ. ಸೂಜಿ ಚುಚ್ಚಿದ ಫಿಸ್ಟುಲಾ (ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ) ಕೈ ಅಲುಗಬಾರದು. ತೊಡೆಸಂದಿನಲ್ಲಿ ಕ್ಯಾಥೆಟರ್ ನಳಿಕೆ ಇದ್ದವರಿಗೆ ಪೆಡಲ್ ಬೇಡ. ಮೈಯಲ್ಲಿ ನೀರು ತುಂಬಿ ಏದುಸಿರು ಬಿಡುತ್ತ ಬಂದವರಿಗೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿದವರಿಗೆ ಆ ದಿನ ಬಿಡುವು. ಎದೆನೋವು, ತಲೆಸುತ್ತು ಬಂದ ಕೂಡಲೇ ನಿಲ್ಲಿಸಬೇಕು. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಹುಣ್ಣಿದೆಯೇ ಎಂದು ಸ್ಟ್ರಾಪ್ ಕಟ್ಟುವ ಮುಂಚೆಯೇ ನೋಡಬೇಕು. ಬಿಪಿ ನೋಡುತ್ತಲೇ ಹತ್ತಾರು ಯಂತ್ರ ಕಾಯುವ ಟೆಕ್ನಿಷಿಯನ್‌ಗೆ ಇದನ್ನೂ ಹೊರಿಸಲಾಗದು; ಅದಕ್ಕೇ ಫಿಸಿಯೋಥೆರಪಿಸ್ಟ್ ಬೇಕೆನ್ನುವುದು.

 ಖಾಸಗಿಯವರಿಗೆ ವಹಿಸಿದ ಘಟಕಗಳ ಮುಂದಿನ ಟೆಂಡರ್‌ನಲ್ಲೇ ಪೆಡಲ್, ಫಿಸಿಯೋಥೆರಪಿಸ್ಟ್, ಮೂರು ತಿಂಗಳಿಗೊಮ್ಮೆ ಕುರ್ಚಿಯಿಂದ ಎದ್ದು ಕೂರುವ ಪರೀಕ್ಷೆ ಕಡ್ಡಾಯ ಮಾಡಿ. ಉಗ್ರಾಣದಲ್ಲಿರುವ ಪೆಡಲ್‌ಗಳನ್ನು ಇದೇ ವಾರ ಮಂಚಕ್ಕೆ ಬಿಗಿಸುವ ಸುತ್ತೋಲೆ ಹೊರಡಿಸಿ. ಪೆಡಲ್ ಕೊಡಿ, ಫಿಸಿಯೋಥೆರಪಿಸ್ಟ್ ಕೊಡಿ.

ಇತಿ,
ಡಯಾಲಿಸಿಸ್ ರೋಗಿಗಳೊಡನೆ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್‌ಗಳು